ಸಿಂಕಿನ ಉಪವಾಸ

ಕೆಳಗಿನ ಮನೆಯ ದಳವಿ ಕಾಕೂ ಮೆಟ್ಟಿಲು ಹತ್ತಿ ಬಂದಾಗ ಅವರ ಕೈಯಲ್ಲೊಂದು ಬಟ್ಟಲಿತ್ತು. ಹೋದ ವಾರ ಕುಮುದಿನಿಬಾಯಿ ಮಾವಿನಕಾಯಿಯ ಸಿಹಿ ಸಾಖರಂಬಾ ಹಾಕಿ ಕಳಿಸಿದ್ದ ಬಟ್ಟಲು. ಬರಿದಾಗಿ ಹಿಂದಿರುಗಿಸಬಾರದೆಂದು ಒಂದು ಹಿಡಿ ಕೋಕಂ ಹಾಕಿ ತಂದಿದ್ದರು. ಹೇಳಬೇಕಾದ ಮಾತು ಕಹಿಯಾಗಿದ್ದರಿಂದ ಮೊದಲು ಬಟ್ಟಲನ್ನು ಕೊಟ್ಟರು.

"ಕುಮುದತಾಯಿ, ಹೇಳೋಕೆ ಮುಜುಗರ ಆಗುತ್ತೆ. ನಮ್ಮ ಅಡುಗೆಮನೆ ಗೋಡೆ ಒದ್ದೆಯಾಗಿದೆ. ಸರಿಯಾಗಿ ನಿಮ್ಮ ಸಿಂಕಿನ ಕೆಳಗೇ."

"ಅಯ್ಯೋ, ಯಾವಾಗಿಂದ?"

"ಹತ್ತು ಹನ್ನೆರಡು ದಿನ ಆಯ್ತು. ಒಣಗಬಹುದು ಅಂತ ಸುಮ್ಮನಿದ್ದೆ. ನಾನಾ ಇದ್ದಾಗ ಯಾವತ್ತೂ ಹೀಗಾಗಿರಲಿಲ್ಲ," ಎಂದವರು, ಅಂದದ್ದು ತಪ್ಪಾಯಿತೇನೋ ಎಂಬಂತೆ ಸೆರಗು ಸರಿಮಾಡಿಕೊಂಡರು.

ಅವರು ಹೋದ ಮೇಲೆ ಕುಮುದಿನಿಬಾಯಿ ಸಿಂಕಿನ ಕೆಳಗಿನ ಕಪಾಟು ತೆರೆದು ನೋಡಿದರು. ಹಲಗೆ ಉಬ್ಬಿತ್ತು. ಮೇಲೆ, ಸ್ಟೀಲ್ ಸಿಂಕಿಗೂ ಕಲ್ಲಿನ ಕಟ್ಟೆಗೂ ನಡುವಿನ ಸಂದು ಮುಚ್ಚಿದ್ದ ಬಿಳಿ ಸಿಲಿಕೋನ್ ಅಂಟು ಕಪ್ಪುಗಟ್ಟಿ ಒಂದು ಮೂಲೆಯಲ್ಲಿ ಎದ್ದಿತ್ತು. ಬೆರಳಿಂದ ಒತ್ತಿದರೆ ಅಡಿಯಿಂದ ನೀರು ಜಿನುಗಿತು.

ನಾನಾ ಎಂದರೆ ಅವರ ಗಂಡ. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾಗಿದ್ದವರು, ಹೋದ ವರ್ಷ ಮಾಘದಲ್ಲಿ ತೀರಿಕೊಂಡಿದ್ದರು. ದೋಂಬಿವಲಿಯ ಈ ಮನೆಗೆ ಬಂದಂದಿನಿಂದ ಸಿಂಕಿನ ಸುತ್ತಲಿನ ಸಿಲಿಕೋನನ್ನೂ ಕೈತೊಳೆಯುವ ಬೇಸಿನ್ನಿನ ಸುತ್ತಲಿನದನ್ನೂ ಕೆಡುವ ಮೊದಲೇ ಅವರೇ ಕಿತ್ತು ಹೊಸದಾಗಿ ಹಾಕುತ್ತಿದ್ದರು. ಅದಕ್ಕೆ ಅವರು ಆರಿಸಿಕೊಂಡ ದಿನ ಆಷಾಢ ಏಕಾದಶಿ. ಹೊಸ ಸಿಲಿಕೋನಿಗೆ ಒಂದು ಹಗಲು ಒಂದು ರಾತ್ರಿ ನೀರು ತಾಗಬಾರದು. ಉಪವಾಸದ ದಿನ ಅಡುಗೆಯಿಲ್ಲ, ಅಡುಗೆಯಿಲ್ಲದಿದ್ದರೆ ಪಾತ್ರೆಯಿಲ್ಲ ಎಂಬುದು ಅವರ ತರ್ಕ. "ಇವತ್ತು ಸಿಂಕಿಗೂ ಉಪವಾಸ" ಎಂದು ಸಾರಿ, ತಮ್ಮ ತುಳಸಿಮಣಿ ಸರವನ್ನು ಕೊರಳಿಂದ ತೆಗೆದು ನಲ್ಲಿಗೆ ಹಾಕುತ್ತಿದ್ದರು. ಮಾಲೆ ಇರುವ ನಲ್ಲಿಯನ್ನು ಮನೆಯಲ್ಲಿ ಯಾರೂ ತಿರುಗಿಸುತ್ತಿರಲಿಲ್ಲ. ಸಾಬೂದಾಣಾ ಖಿಚಡಿ, ವರಿ ಅನ್ನ, ಶೇಂಗಾ ಆಮಟಿ, ಗೆಣಸಿನ ಪಾಯಸ ಎಂದು ಉಪವಾಸದ ದಿನವೇ ಪಾತ್ರೆ ಹೆಚ್ಚಾಗುತ್ತವೆಂದು ಕುಮುದಿನಿಬಾಯಿ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಪಾತ್ರೆಗಳು ಬಾಲ್ಕನಿಯಲ್ಲಿ ದ್ವಾದಶಿಗಾಗಿ ಕಾಯುತ್ತಿದ್ದವು.

ಭಾನುವಾರ ಮಗ ಶಿರೀಷ ಒಂದು ಟ್ಯೂಬು ತಂದ. ಠಾಣೆಯ ಔಷಧಿ ಕಂಪನಿಯೊಂದರ ಗೋದಾಮಿನಲ್ಲಿ ಅವನಿಗೆ ಕೆಲಸ; ವಾರದಲ್ಲಿ ಆರು ದಿನ ಲೋಕಲ್ ರೈಲಿನಲ್ಲಿ ನಿಂತು ಹೋಗಿ ನಿಂತು ಬರುವವನು, ಏಳನೆಯ ದಿನ ಕೂರಲು ಬಯಸುತ್ತಿದ್ದ.

"ಹಳೇದನ್ನ ಪೂರ್ತಿ ಕೀಳಬೇಕೋ ಶಿರೂ," ಎಂದರು ಕುಮುದಿನಿಬಾಯಿ. "ಹಳೇದರ ಮೇಲೆ ಹೊಸದು ಕೂರಲ್ಲ. ತಡಿ, ನಾನು ಬಟ್ಟಲಲ್ಲಿ ಸೋಪಿನ ನೀರು ಮಾಡಿಕೊಡ್ತೀನಿ. ನಾನಾ ಹಾಕ್ತಾ ಹೋದ ಹಾಗೆ ನಾನು ಹಿಂದೆಯಿಂದ..."

"ಆಯಿ, ನೀನು ಸುಮ್ನೆ ಹೋಗಿ ಕೂತ್ಕೋ. ಇದೇನು ರಾಕೆಟ್ಟಾ?"

ಕಪ್ಪಿನ ಮೇಲೆಯೇ ಬಿಳಿ ಬಳಿದು, ಕೈ ಒರೆಸಿಕೊಂಡು, ಅವನು ಕ್ರಿಕೆಟ್ ನೋಡಲು ಹೋದ. ಹೋಗುವಾಗ ತಾಯಿಯ ಮಂಚದ ಕಡೆಗೆ ಫ್ಯಾನು ತಿರುಗಿಸಿಯೇ ಹೋದ. ಅಷ್ಟು ಅವನು ಮರೆಯುತ್ತಿರಲಿಲ್ಲ.

ಎರಡು ವಾರವೂ ಆಗಿರಲಿಲ್ಲ. ಹಾವಿನ ಪೊರೆಯಂತೆ ಉದ್ದಕ್ಕೆ ಒಂದೇ ಎಳೆಯಾಗಿ ಆ ಸಿಲಿಕೋನ್ ಸೊಸೆ ಉಜ್ವಲಾಳ ಕೈಗೆ ಬಂತು. ಅವಳು ಕಲ್ಯಾಣದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಬೆಳಗ್ಗೆ ಡಬ್ಬಿ ಕಟ್ಟುವ ಆತುರದಲ್ಲಿದ್ದಳು.

"ಅಹೋ, ಇಲ್ಲಿ ನೋಡಿ ನಿಮ್ಮ ರಾಕೆಟ್ಟು!"

"ಸರಿ, ಸಂಜೆ ನೋಡ್ತೀನಿ."

"ಸಂಜೆ ಅಲ್ಲ. ನನಗೆ ಸಾಕಾಗಿದೆ. ಉಬ್ಬಿದ ಕಪಾಟು, ಕೆಳಗಿನವರ ಮುಖ. ಈ ಅಡುಗೆಮನೆಯನ್ನೇ ಒಡೆದು ಹೊಸದು ಮಾಡಿಸೋಣ ಅಂತ ಮೂರು ವರ್ಷದಿಂದ ಹೇಳ್ತಿದ್ದೀನಿ."

"ಅಮ್ಮಾ, ಒಡೀರಿ, ಆದ್ರೆ ನನ್ನ ಪರೀಕ್ಷೆ ಮುಗಿದ ಮೇಲೆ," ಎಂದಳು ಕಾಲೇಜಿಗೆ ಹೋಗುವ ಮೊಮ್ಮಗಳು ಮುಗ್ಧಾ, ಪೋಹೆಯ ತಟ್ಟೆಯಿಂದ ತಲೆ ಎತ್ತದೆ.

ಆ ಭಾನುವಾರವೇ ಅಡುಗೆಮನೆ ಮಾಡಿಸಿಕೊಡುವವನೊಬ್ಬ ಅಳತೆ ಪಟ್ಟಿ ಹಿಡಿದು ಬಂದ. ಗೋಡೆಯಿಂದ ಗೋಡೆಗೆ ಅಳೆದ. ಅಡುಗೆಮನೆಯ ಪಕ್ಕದ ಮೂಲೆಯಲ್ಲಿ, ಕುಮುದಿನಿಬಾಯಿಯ ಮಂಚದ ಬಳಿ ನಿಂತು, "ಈ ಮಂಚ ತೆಗೆದರೆ ಇಲ್ಲೊಂದು ಊಟದ ಕಟ್ಟೆ ಬರುತ್ತೆ ಸರ್. ಎತ್ತರದ ಸ್ಟೂಲು ಹಾಕಬಹುದು. ಚೆನ್ನಾಗಿ ಕಾಣುತ್ತೆ," ಎಂದ. ಕುಮುದಿನಿಬಾಯಿ ಆ ಮಂಚದ ಮೇಲೆಯೇ ಕೂತು ನೆನೆಸಿದ ಅವರೆಕಾಳು ಸುಲಿಯುತ್ತಿದ್ದರು. ಅವನು ಅಳೆಯಲೆಂದು ಕಾಲು ಮೇಲಕ್ಕೆ ಎತ್ತಿಕೊಂಡರು.

"ಅದನ್ನ ಆಮೇಲೆ ನೋಡೋಣ," ಎಂದ ಶಿರೀಷ, ಗೋಡೆ ನೋಡುತ್ತ.

ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದ. "ಆಯಿ, ಎರಡು ತಿಂಗಳು ಮನೆ ತುಂಬ ಧೂಳು ಇರುತ್ತೆ. ನಿನಗೆ ದಮ್ಮು ಬೇರೆ. ಅಷ್ಟು ದಿನ ಮಿಲಿಂದನ ಹತ್ತಿರ ಇಂದೋರಿಗೆ ಹೋಗಿರು."

"ಅಷ್ಟು ದಿನ ಅಂದರೆ?"

"ಮುಗಿಯೋವರೆಗೆ."

ಕುಮುದಿನಿಬಾಯಿ ಭಾಕರಿಯ ತುಂಡನ್ನು ಕಡಲೆಹಿಟ್ಟಿನ ಪಿಠಲೆಗೆ ಅದ್ದಿದರು, ತಿನ್ನಲಿಲ್ಲ. ಕಿರಿಯ ಮಗನ ಮನೆ ಅವರು ನೋಡದ್ದಲ್ಲ. ಅಲ್ಲಿನ ಸೊಸೆ ಒಳ್ಳೆಯವಳು. ನೀರಿನ ಲೋಟ ಎತ್ತಲೂ ಬಿಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಸೋಫಾದ ಮೇಲೆ ಕೂರಿಸಿ, ಟಿ.ವಿ. ಹಾಕಿಕೊಟ್ಟು, ಬಾಗಿಲು ಎಳೆದುಕೊಂಡು ಹೋಗುತ್ತಾಳೆ. ಅಲ್ಲಿಂದ ವಾಪಸು ಬರುವಷ್ಟರಲ್ಲಿ ಇಲ್ಲಿ ಮಂಚದ ಜಾಗದಲ್ಲಿ ಎತ್ತರದ ಸ್ಟೂಲು ಇರುತ್ತದೆ.

"ಶಿರೂ, ಒಡೆಯೋ ಮುಂಚೆ ಒಂದೇ ಒಂದು ಸಲ ಸರಿಯಾಗಿ ಸಿಲಿಕೋನ್ ಹಾಕಿಸಿ ನೋಡೋಣ. ನಿಂತರೆ ಅಡುಗೆಮನೆಗೇನಾಗಿದೆ? ನಿಲ್ಲದಿದ್ದರೆ ನೀನು ಹೇಳಿದ ಕಡೆ ಹೋಗ್ತೀನಿ."

"ನಿಲ್ಲದಿದ್ದರೆ ಮತ್ತೆ ಮಾತಿಲ್ಲ?"

"ಇಲ್ಲ."

ಮುಂದಿನ ಭಾನುವಾರ ಬಂದ ಕೆಲಸದವನು ಹಳೆಯದನ್ನೆಲ್ಲ ಬ್ಲೇಡಿನಿಂದ ಹೆರೆದ, ಸ್ಪಿರಿಟ್ಟಿನಲ್ಲಿ ಒರೆಸಿದ, ಎರಡೂ ಅಂಚಿಗೆ ಕಾಗದದ ಟೇಪ್ ಅಂಟಿಸಿ ಅಚ್ಚುಕಟ್ಟಾಗಿ ತುಂಬಿದ. ಮನೆಯೆಲ್ಲ ಹಸಿ ಸಿಲಿಕೋನಿನ ಹುಳಿ ವಾಸನೆ. "ನಾಳೆ ಬೆಳಗಿನವರೆಗೆ ಒಂದು ಹನಿ ನೀರು ತಾಗಬಾರದು," ಎಂದು ಹೇಳಿ ಹೋದ.

ಅಂದು ಶಿರೀಷನ ಸೋದರತ್ತೆಯ ಮೊಮ್ಮಗುವಿಗೆ ಮುಲುಂಡಿನಲ್ಲಿ ನಾಮಕರಣ. ಎಲ್ಲರೂ ಹೊರಟರು. "ನೀನು ಬರಲ್ವಾ ಆಜಿ?" ಎಂದಳು ಮುಗ್ಧಾ.

"ನಾನು ಸಿಂಕ್ ಕಾಯ್ತೀನಿ."

"ಓಡಿಹೋಗುತ್ತಾ ಅದು?"

"ನೀನು ಹೋಗಿ ಪೇಢೆ ತಿಂದು ಬಾ."

ತುಳಸಿ ಸರ ನಾನಾರ ಜೊತೆಯಲ್ಲೇ ಹೋಗಿತ್ತು. ಈ ಸಲ ನಲ್ಲಿಗೆ ಏನನ್ನಾದರೂ ಕಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ, ಕುಮುದಿನಿಬಾಯಿಗೂ.

ಮಧ್ಯಾಹ್ನ ಅವರಿಗೆ ಸ್ವಲ್ಪ ಜೊಂಪು ಹತ್ತಿತ್ತು. ಬೀಗ ತೆರೆದ ಸದ್ದಾಯಿತು. ಉಜ್ವಲಾ ಒಬ್ಬಳೇ ಮುಂಚೆ ಬಂದಿದ್ದಳು. ಚಪ್ಪಲಿ ಬಿಡುತ್ತಲೇ ಫೋನಿನಲ್ಲಿ ಮಾತಾಡುತ್ತಿದ್ದಳು, ಅತ್ತೆ ಮಲಗಿದ್ದಾರೆಂದು ದನಿ ತಗ್ಗಿಸಿ.

"ಮಾಯಿ, ನಾನು. ಉಜೂ. ... ಉಜೂ, ಮಾಯಿ, ನಿನ್ನ ಮಗಳು. ... ಇಲ್ಲ, ಬ್ಯಾಂಕಿನಿಂದ ಅಲ್ಲ. ... ಅಣ್ಣನಿಗೆ ಕೊಡು ಹಾಗಾದ್ರೆ. ... ಸರಿ. ಸರಿ ಬಿಡು."

ಮಾಯಿ ಎಂದರೆ ರತ್ನಾಗಿರಿಯಲ್ಲಿದ್ದ ಅವಳ ತಾಯಿ. ಆಮೇಲೆ ಅಡುಗೆಮನೆಯ ನಲ್ಲಿ ಪೂರ್ತಿ ತೆರೆದ ಸದ್ದು.

ಕುಮುದಿನಿಬಾಯಿ ಎದ್ದು ಬಾಗಿಲವರೆಗೆ ಹೋದರು. ಉಜ್ವಲಾ ಜರಿಯ ಸೀರೆಯಲ್ಲೇ ಸಿಂಕಿನ ಮೇಲೆ ಬಾಗಿ ಮುಖಕ್ಕೆ ನೀರೆರಚಿಕೊಳ್ಳುತ್ತಿದ್ದಳು, ಮತ್ತೆ ಮತ್ತೆ. ನೀರು ಕಟ್ಟೆಯ ಮೇಲೆಲ್ಲ ಹರಿಯುತ್ತಿತ್ತು. ನಲ್ಲಿಯ ಸದ್ದಿನ ಅಡಿಯಲ್ಲಿ ಇನ್ನೊಂದು ಸದ್ದಿತ್ತು. ಕುಮುದಿನಿಬಾಯಿ ಕೂಗಲೆಂದು ಕೈ ಎತ್ತಿದರು. ಆಮೇಲೆ ಇಳಿಸಿದರು. ಬಂದ ಹಾಗೆಯೇ ಹಿಂದಿರುಗಿ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದರು.

ಸಂಜೆ ದಳವಿ ಕಾಕೂ ಗಂಟೆ ಒತ್ತಿದರು. ಈ ಸಲ ಕೈಯಲ್ಲಿ ಬಟ್ಟಲಿರಲಿಲ್ಲ.

ಶಿರೀಷ ಕಪಾಟು ತೆರೆದ. ಒಳಗೆ ನೀರು ನಿಂತಿತ್ತು. ಸಿಲಿಕೋನ್ ಒಂದು ಕಡೆ ಜಾರಿ ಗುಳ್ಳೆ ಎದ್ದಿತ್ತು.

"ಯಾರು ನಲ್ಲಿ ತೆರೆದಿದ್ದು?"

ಮುಗ್ಧಾ ಎರಡೂ ಕೈ ಎತ್ತಿದಳು. "ನಾನು ನಿಮ್ಮ ಜೊತೆಗೇ ಇದ್ದೆ ಬಾಬಾ."

ಉಜ್ವಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಮುಖ ಬಿಳಚಿಕೊಂಡಿತು. ತನ್ನ ಕೈ ಮಾಡಿದ್ದು ಅವಳಿಗೆ ಆಗಲೇ ನೆನಪಾದಂತಿತ್ತು. ಬಾಯಿ ತೆರೆಯುವಷ್ಟರಲ್ಲಿ ಮಂಚದ ಕಡೆಯಿಂದ ದನಿ ಬಂತು.

"ನಾನೇ. ಎದ್ದವಳೇ ಚಹದ ಪಾತ್ರೆ ತೊಳೆದೆ. ಮರೆತೇಹೋಯ್ತು."

"ಮರೆತೆಯಾ? ಕಾಯೋಕೆ ಅಂತ ಕೂತವಳು ನೀನು!" ಶಿರೀಷನ ದನಿ ಏರಿತು. "ಇಷ್ಟು ವರ್ಷ ನಾನಾ ಮಾಡಿದ್ದನ್ನ ನೋಡಿದವಳು! ಇನ್ನು ಗ್ಯಾಸ್ ಮರೆತರೆ? ಬಾಗಿಲು ಮರೆತರೆ? ಆಯಿ, ನಿನ್ನನ್ನ ಹಗಲೆಲ್ಲ ಒಬ್ಬಳೇ ಬಿಟ್ಟು ಹೋಗೋಕೂ ಇನ್ನು ಹೆದರಿಕೆ."

"ಮಾತು ಕೊಟ್ಟಿದ್ದೀನಲ್ಲ ಶಿರೂ. ಹೋಗ್ತೀನಿ. ಏಕಾದಶಿ ಮುಗಿಸಿಕೊಂಡು ಹೋಗ್ತೀನಿ."

ಉಜ್ವಲಾ ನೆಲ ಒರೆಸುವ ಬಟ್ಟೆ ತಂದು, ಜರಿಯ ಸೀರೆಯ ಮೇಲೆಯೇ ಮೊಣಕಾಲೂರಿ, ಕಪಾಟಿನ ನೀರು ಹಿಂಡಿ ಹಿಂಡಿ ತೆಗೆದಳು.

ಟಿಕೆಟ್ಟು ಆಯಿತು. ದ್ವಾದಶಿಯ ಮರುದಿನದ್ದು.

ಆ ವಾರಗಳಲ್ಲಿ ಮನೆಯಲ್ಲಿ ಮಾತು ಕಡಿಮೆ. ಸಿಂಕಿನ ಕೆಳಗೆ ಬಕೆಟ್ ಇಟ್ಟರು. ತುಂಬಿದಾಗ ಯಾರು ಕಂಡರೋ ಅವರು ಚೆಲ್ಲುವುದು. ಪಾತ್ರೆಗಳನ್ನು ಬಾಲ್ಕನಿಯ ನಲ್ಲಿಯಲ್ಲಿ ಕುಮುದಿನಿಬಾಯಿ ಕೂತು ತೊಳೆಯುತ್ತಿದ್ದರು. ಒಂದು ದಿನ ಅಲ್ಲಿಗೆ ಹೋದರೆ ಕೂರುವ ಮಣೆಯ ಮೇಲೆ ಹಳೆಯ ರಜಾಯಿಯ ತುಂಡು ಮಡಚಿಟ್ಟಿತ್ತು. ಯಾರಿಟ್ಟರೆಂದು ಅವರು ಕೇಳಲಿಲ್ಲ. ಬೆಳಗಿನ ಚಹ ಈಗ ಅವರು ಏಳುವ ಮೊದಲೇ ಮಂಚದ ಪಕ್ಕ ಬಂದಿರುತ್ತಿತ್ತು, ಶುಂಠಿ ಹಾಕಿದ್ದು, ತಟ್ಟೆ ಮುಚ್ಚಿದ್ದು. ಉಜ್ವಲಾ ಶುಂಠಿ ಚಹ ಕುಡಿಯುವವಳಲ್ಲ.

ಒಂದು ಸಂಜೆ ಅವಳು ಮೇಥಿ ಸೋಸುತ್ತ ಶುರುಮಾಡಿದಳು. "ಆಯಿ, ಆ ದಿನ..."

"ಕಡ್ಡಿ ದಪ್ಪ ಬಿಡಬೇಡ, ಮುಗ್ಧಾ ತಿನ್ನಲ್ಲ," ಎಂದರು ಕುಮುದಿನಿಬಾಯಿ. ಮಾತು ಅಲ್ಲಿಗೇ ನಿಂತಿತು.

ಅವರು ಪೆಟ್ಟಿಗೆ ಕಟ್ಟತೊಡಗಿದ್ದರು. ಎರಡು ಶಾಲು, ನಾನಾರ ಕನ್ನಡಕದ ಗೂಡು, ದಮ್ಮಿನ ಔಷಧಿ. ಮಂಚದ ಅಡಿ ಬರಿದಾಗುತ್ತ ಬಂದಂತೆ ಮನೆಯ ಉಳಿದವರು ಆ ಕಡೆ ನೋಡುವುದನ್ನು ಬಿಟ್ಟರು.

ಏಕಾದಶಿಯ ಬೆಳಗ್ಗೆ ಶಿರೀಷ ಕೆಲಸಕ್ಕೆ ಹೊರಟ. ಉಜ್ವಲಾ ಹೊರಡಲಿಲ್ಲ. ಚೀಲದಿಂದ ಒಂದು ಟ್ಯೂಬು, ಅದನ್ನೊತ್ತುವ ಗನ್ನು, ಕಾಗದದ ಟೇಪು, ಬ್ಲೇಡು ತೆಗೆದು ಕಟ್ಟೆಯ ಮೇಲೆ ಇಟ್ಟಳು.

"ರಜೆ ಹಾಕಿದ್ದೀನಿ. ನಾನಾ ಇವತ್ತೇ ತಾನೇ ಮಾಡ್ತಿದ್ದದ್ದು? ಹೇಳಿಕೊಡಿ."

"ಯಾಕೆ? ಹೇಗೂ ಒಡೀತಾರಲ್ಲ."

"ಹೇಳಿಕೊಡಿ ಅಂದ್ರೆ."

"ಅಮ್ಮಾ," ಮುಗ್ಧಾ ಹಲ್ಲುಜ್ಜುತ್ತ ಇಣುಕಿದಳು, "ಇವತ್ತು ಪಾತ್ರೆ ಬೇರೆ ದಿನಕ್ಕಿಂತ ಜಾಸ್ತಿ. ಉಪವಾಸ ಅಂದರೆ ನಮ್ಮ ಮನೇಲಿ ಮದುವೆ ಊಟ."

"ನಿನ್ನ ಕೂದಲು ಒಣಗಿಸೋ ಯಂತ್ರ ಕೊಡು," ಎಂದಳು ಉಜ್ವಲಾ. "ಆಮೇಲೆ ಬಾಳೆಲೆ ತಗೊಂಡು ಬಾ, ಹೋಗು."

"ಸಿಂಕಿಗೆ ನನ್ನ ಡ್ರೈಯರ್ರಾ! ಶೃಂಗಾರ ಮಾಡ್ತೀರಾ ಅದಕ್ಕೆ?"

ಹಳೆಯದನ್ನು ಕೀಳುವುದಕ್ಕೇ ಬೆಳಗು ಹೋಯಿತು. ಮೂಲೆಗಳಲ್ಲಿ ಅದು ಹಟ ಹಿಡಿದಿತ್ತು. ಉಜ್ವಲಾ ಬ್ಲೇಡ್ ಆಡಿಸಿದಳು, ಕುಮುದಿನಿಬಾಯಿ ಎದ್ದ ತುದಿಯನ್ನು ಉಗುರಲ್ಲಿ ಹಿಡಿದು ಎಳೆದರು. ಒರೆಸಿ, ಒಣಗಿಸಿ, ಟೇಪ್ ಹಚ್ಚಿದರು. ಉಜ್ವಲಾ ಗನ್ನು ಹಿಡಿದಳು. ಮೊದಲ ಗೇಣು ಹುಳುವಿನಂತೆ ಸೊಟ್ಟಸೊಟ್ಟಗೆ ಬಂತು.

"ಥೂ!"

"ಇರಲಿ. ನಿಲ್ಲಿಸಬೇಡ. ನಿಲ್ಲಿಸಿದ ಕಡೆಯೇ ಗಂಟು ಬರೋದು. ನೀನು ಮುಂದೆ ಹೋಗ್ತಾ ಇರು, ನಾನು ಹಿಂದೆ ಬರ್ತೀನಿ."

ಕುಮುದಿನಿಬಾಯಿ ಬೆರಳನ್ನು ಸೋಪಿನ ನೀರಿಗೆ ಅದ್ದಿ, ಅವಳು ಹಾಕಿದ ಗೆರೆಯ ಮೇಲೆ ಮೆಲ್ಲನೆ ಎಳೆಯುತ್ತ ಹೋದರು. ಸೊಟ್ಟಗಿದ್ದದ್ದು ಅವರ ಬೆರಳ ಅಡಿಯಲ್ಲಿ ನೇರವಾಯಿತು. ಒಬ್ಬರು ಒತ್ತಬೇಕು, ಅದು ಬಿಗಿಯುವ ಮೊದಲೇ ಇನ್ನೊಬ್ಬರು ಸವರಬೇಕು. ನಾನಾ ಇದ್ದಾಗ ಪ್ರತಿ ಸಲ ಆದದ್ದೂ ಹೀಗೆಯೇ. ಅವರು ಹೋದ ಮೇಲೆ ಆ ಬೆರಳು ಬೇಕೆಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಗೆರೆ ಸಿಂಕನ್ನು ಸುತ್ತಿ ಬಂದು ತನ್ನ ಬಾಲವನ್ನು ಸೇರಿತು. ಟೇಪ್ ಎಳೆದು ತೆಗೆದಾಗ ಮುಗ್ಧಾ ಚಪ್ಪಾಳೆ ತಟ್ಟಿದಳು.

ಉಜ್ವಲಾ ಒಳಗೆ ಹೋಗಿ ಬಂದಳು. ಅವಳ ಕೈಯಲ್ಲಿ ಒಂದು ಹೊಸ ತುಳಸಿಮಣಿ ಸರವಿತ್ತು, ಸ್ಟೇಷನ್ನಿನ ಹೊರಗೆ ಮಾರುವಂಥದ್ದು. ಅದನ್ನು ನಲ್ಲಿಗೆ ಹಾಕಿದಳು. ಕುಮುದಿನಿಬಾಯಿ ಅದನ್ನೇ ನೋಡುತ್ತ ನಿಂತರು. ಬೆರಳಿನ ಸೋಪು ಒಣಗುತ್ತಿತ್ತು.

ಆ ಮಧ್ಯಾಹ್ನ ಇಬ್ಬರಿಗೂ ಕೆಲಸವಿರಲಿಲ್ಲ. ಖಿಚಡಿಯನ್ನು ಬಾಳೆಲೆಯಲ್ಲಿ ತಿಂದು, ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತರು. ಆ ಹುಳಿ ವಾಸನೆಯ ನಡುವೆ.

"ನೀವು ಆ ದಿನ ಎಚ್ಚರ ಇದ್ರಿ," ಎಂದಳು ಉಜ್ವಲಾ.

"ಹೂಂ."

"ನೋಡಿದ್ರಿ."

"ಬೆನ್ನು ನೋಡಿದೆ."

"ನಲ್ಲಿ ನಿಲ್ಲಿಸು ಅನ್ನಬಹುದಿತ್ತಲ್ಲ ಆಯಿ. ಒಂದು ಮಾತು. ನಿಮ್ಮ ಟಿಕೆಟ್ಟೇ ಅದರ ಮೇಲೆ ನಿಂತಿತ್ತು."

"ಸಿಲಿಕೋನ್ ಮತ್ತೆ ಹಾಕಬಹುದು," ಎಂದರು ಕುಮುದಿನಿಬಾಯಿ. "ಅಳ್ತಿರೋರನ್ನ ಅರ್ಧಕ್ಕೆ ಎಬ್ಬಿಸಬಾರದು."

ಉಜ್ವಲಾ ಹೇಳಿದಳು, "ಮಾಯಿಗೆ ನಾನು ಯಾರಂತ ಗೊತ್ತಾಗಲ್ಲ. ಬ್ಯಾಂಕಿನವಳು ಅಂದ್ಕೊಳ್ತಾಳೆ. ಸಾಲದ ಕಂತು ಕಟ್ಟಿದ್ದೀವಮ್ಮಾ ಅಂತಾಳೆ ನನ್ನ ಹತ್ತಿರ." ನಗಲು ನೋಡಿದಳು, ಆಗಲಿಲ್ಲ.

"ಶಿರೂಗೆ ಹೇಳಿದೆಯಾ?"

"ಯಾವಾಗ ಹೇಳಲಿ? ಬಂದು ಉಣ್ಣೋದರೊಳಗೆ ಕಣ್ಣು ಮುಚ್ಚಿರ್ತಾರೆ."

ಕುಮುದಿನಿಬಾಯಿ ತಮ್ಮ ಎಲೆಯಲ್ಲಿ ಉಳಿದಿದ್ದ ಗೆಣಸಿನ ಹೋಳನ್ನು ಅವಳ ಎಲೆಗೆ ಸರಿಸಿದರು.

ಸಂಜೆ ಶಿರೀಷ ಬಂದವನೇ ಕೈ ತೊಳೆಯಲು ಸಿಂಕಿನ ಬಳಿ ಹೋಗಿ, ಮಾಲೆ ಕಂಡು, ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆಳೆದುಕೊಂಡ. "ಯಾರು ಹಾಕಿದ್ದು ಇದನ್ನ?"

"ನಾನು," ಎಂದಳು ಉಜ್ವಲಾ. "ಆ ದಿನ ನಲ್ಲಿ ತೆರೆದದ್ದೂ ನಾನೇ. ಆಯಿ ಅಲ್ಲ. ಅವರು ಚಹ ಮಾಡಿಕೊಂಡೇ ಇರಲಿಲ್ಲ. ನೀವು ನೋಡಿದ್ದರೆ ಗೊತ್ತಾಗ್ತಿತ್ತು, ಪಾತ್ರೆ ಒಣಗಿಯೇ ಇತ್ತು."

"ಮತ್ತೆ ಆಯಿ ಯಾಕೆ..."

"ಅದನ್ನ ಅವರನ್ನ ಕೇಳಬೇಡಿ. ನನ್ನನ್ನ ಕೇಳಿ. ಇವತ್ತಲ್ಲ, ನಿಮಗೆ ನಿದ್ದೆ ಬರದ ದಿನ. ಅಡುಗೆಮನೆ ಒಡೆಯೋದು ಬೇಡ. ಟಿಕೆಟ್ ವಾಪಸ್ ಮಾಡಿ."

"ಮೂರು ವರ್ಷದಿಂದ ನೀನೇ ಹೇಳ್ತಿದ್ದೆ!"

"ಈಗಲೂ ನಾನೇ ಹೇಳ್ತಿರೋದು."

ಶಿರೀಷ ತಾಯಿಯ ಮಂಚದ ಕಡೆ ನೋಡಿದ. ಕಟ್ಟಿದ ಪೆಟ್ಟಿಗೆ ಕಾಣುತ್ತಿತ್ತು. ಹೋಗಿ ಅದನ್ನು ಕಾಲಲ್ಲಿ ಮಂಚದ ಅಡಿಗೆ ತಳ್ಳಿದ. ಕ್ಷಮೆ ಕೇಳುವ ಅಭ್ಯಾಸ ಅವನ ತಂದೆಗೂ ಇರಲಿಲ್ಲ.

ಬೆಳಗ್ಗೆ ಕುಮುದಿನಿಬಾಯಿ ನಾನಾ ಮಾಡುತ್ತಿದ್ದ ಹಾಗೆ ಕಪಾಟಿನೊಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿದರು. ಮಾಲೆ ತೆಗೆದು ನಲ್ಲಿ ತಿರುಗಿಸಿದರು. ಸಿಂಕ್ ತುಂಬಿತು, ಖಾಲಿಯಾಯಿತು. ಹಾಳೆ ಗರಿಗರಿಯಾಗಿಯೇ ಇತ್ತು.

"ನಿಂತಿತು," ಎಂದರು. ಆಮೇಲೆ ಉಜ್ವಲಾಳಿಗೆ, "ಇನ್ನು ನೀನು ಹೊರಡು. ರತ್ನಾಗಿರಿಗೆ. ಗುರುತು ಹಿಡೀದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತ್ಕೋ. ಇಲ್ಲಿ ಇವರ ಡಬ್ಬಿ ನಾನು ಕಟ್ತೀನಿ."

ಅವಳು ಹೊರಟಳು. ಮರುದಿನ ಎಲ್ಲರೂ ಅವರವರ ದಾರಿ ಹಿಡಿದ ಮೇಲೆ ಮನೆ ಮೊದಲಿನಂತಾಯಿತು. ಫ್ಯಾನಿನ ಸದ್ದು, ಕೆಳಗೆ ದಳವಿ ಕಾಕೂ ಮನೆಯ ಕುಕ್ಕರಿನ ಶೀಟಿ. ಕುಮುದಿನಿಬಾಯಿ ಒಂದೇ ಕಪ್ಪು ಚಹ ಮಾಡಿಕೊಂಡರು, ಒಂದೇ ಕಪ್ಪು ತೊಳೆದರು. ಬಗ್ಗಿ ಹಾಳೆ ಮುಟ್ಟಿ ನೋಡಿದರು. ಮತ್ತೆ ಸ್ವಲ್ಪ ಹೊತ್ತಿಗೆ ಬಂದು ನೋಡಿದರು.

ಮೂರನೆಯ ದಿನ ಮಧ್ಯಾಹ್ನ ಫೋನು ಬಂತು.

"ಆಯಿ, ನಾನು. ಸಿಂಕ್ ಸೋರ್ತಿದೆಯಾ?"

"ತಡಿ, ನೋಡ್ತೀನಿ." ಆಗಷ್ಟೇ ನೋಡಿದ್ದರು. ಆದರೂ ಫೋನು ಹಿಡಿದುಕೊಂಡೇ ಮೊಣಕಾಲಿಗೆ ಕೈಯೂರಿ ಬಗ್ಗಿದರು. "ಇಲ್ಲ. ಒಣಗಿದೆ. ಮಾಯಿ ಹೇಗಿದ್ದಾರೆ?"

"ನನ್ನನ್ನ ತನ್ನ ತಂಗಿ ಅಂದ್ಕೊಂಡಿದ್ದಾಳೆ. ಬೆಳಗ್ಗೆ ಕೂರಿಸಿಕೊಂಡು ಜಡೆ ಹಾಕಿದಳು. ಬಿಗಿಯಾಗಿ, ಎರಡು ಜಡೆ."

"ಬಿಚ್ಚಬೇಡ ಇವತ್ತು."

"ಬಿಚ್ಚಿಲ್ಲ."

ಯಾರೂ ಫೋನು ಇಡಲಿಲ್ಲ.

"ಸರಿ ಹಾಗಾದ್ರೆ ಆಯಿ. ಸೋರ್ತಿಲ್ಲ ಅಂದ್ರೆ ಸಾಕು. ಅದನ್ನ ಕೇಳೋಣ ಅಂತಲೇ ಮಾಡಿದೆ."

ಕುಮುದಿನಿಬಾಯಿ ಬೆರಳಿಂದ ಸಿಂಕಿನ ಅಂಚಿನ ಬಿಳಿ ಗೆರೆಯನ್ನು ಸವರಿದರು. ಅದು ಗಟ್ಟಿಯಾಗಿ, ನುಣುಪಾಗಿ ಕೂತಿತ್ತು.

"ಇವತ್ತು ಸೋರ್ತಿಲ್ಲ," ಎಂದರು. "ನಾಳೇದು ಹೇಳೋಕಾಗಲ್ಲ. ನಾಳೆ ಇದೇ ಹೊತ್ತಿಗೆ ಇನ್ನೊಂದು ಸಲ ಮಾಡಿ ಕೇಳು."